ಫೆಜ್‌ನ ಹಳೆಯ ಪೇಟೆಗೆ ಒಂದೇ ಬೆಳಿಗ್ಗೆ: ನೀರು ಹರಿದತ್ತ ನಡೆಯಿರಿ

ಪ್ರಶ್ನೆ: ಮಗಳು ಸ್ಪೇನ್‌ನಲ್ಲಿ ಓದುತ್ತಿದ್ದಾಳೆ. ಬರುವ ಅಕ್ಟೋಬರ್‌ನಲ್ಲಿ ಅವಳನ್ನು ನೋಡಲು ಹೋದಾಗ ನಾನು, ನನ್ನ ಯಜಮಾನರು ಮತ್ತು ಮಗಳು ಮೊರಾಕ್ಕೊಗೆ ನಾಲ್ಕು ದಿನ ಹೋಗಬೇಕೆಂದಿದ್ದೇವೆ. ಫೆಜ್ ನಗರದ ಹಳೆಯ ಪೇಟೆಗೆ ಸಿಗುವುದು ಒಂದೇ ಬೆಳಿಗ್ಗೆ. ಅಲ್ಲಿ ಹೋದವರೆಲ್ಲ ದಾರಿ ತಪ್ಪುತ್ತಾರೆ, ಅಂಗಡಿಯವರು ಮುತ್ತಿಕೊಳ್ಳುತ್ತಾರೆ ಎಂದು ಕೇಳಿ ಅಳುಕಾಗಿದೆ. ಮಾರ್ಗದರ್ಶಿಯನ್ನು ಗೊತ್ತು ಮಾಡಿಕೊಳ್ಳಬೇಕೇ? ನಾವು ಸಸ್ಯಾಹಾರಿಗಳು, ತಿನ್ನಲು ಏನಾದರೂ ಸಿಗುತ್ತದೆಯೇ? ಅಷ್ಟು ಕಡಿಮೆ ಸಮಯದಲ್ಲಿ ಏನು ನೋಡಬೇಕು, ಏನು ಬಿಡಬೇಕು?
ಓದುಗರೊಬ್ಬರು, ಶಿರಸಿ

ಉತ್ತರ: ದಾರಿ ತಪ್ಪುವ ಭಯವನ್ನು ಮೊದಲು ಕಳೆಯೋಣ. ಫೆಜ್‌ನ ಹಳೆಯ ಪೇಟೆ ಒಂದು ಬೋಗುಣಿಯಂಥ ಕಣಿವೆಯಲ್ಲಿದೆ. ಪಶ್ಚಿಮದ ಅಂಚು ಎತ್ತರ, ನಡುವೆ ತಗ್ಗು, ತಗ್ಗಿನಲ್ಲಿ ಹೊಳೆ. ನಿಮ್ಮ ಘಟ್ಟದ ಊರುಗಳಲ್ಲಿ ಮಳೆನೀರು ಎತ್ತ ಹರಿಯುತ್ತದೆ ಎಂದು ನೋಡಿಯೇ ಹಳ್ಳ ಎಲ್ಲಿದೆ ಎಂದು ಹೇಳುತ್ತೀರಲ್ಲವೇ? ಇಲ್ಲಿಯೂ ಅಷ್ಟೇ. ಕಾಲು ಇಳಿಜಾರಿನ ಕಡೆ ಹೋಗುತ್ತಿದ್ದರೆ ಪೇಟೆಯ ನಡುಭಾಗಕ್ಕೂ ಹೊಳೆಗೂ ಹತ್ತಿರವಾಗುತ್ತಿದ್ದೀರಿ. ಏರುತ್ತಿದ್ದರೆ ಹೊರಬಾಗಿಲಿನ ಕಡೆ ಹೊರಟಿದ್ದೀರಿ. ಕಿರಿದಾದ ಓಣಿಗಳಲ್ಲಿ ಎತ್ತರದ ಗೋಡೆಗಳ ನಡುವೆ ಮೊಬೈಲಿನ ನಕ್ಷೆ ಆಗಾಗ ತಡವರಿಸುತ್ತದೆ, ಇಳಿಜಾರು ತಡವರಿಸುವುದಿಲ್ಲ. ನಾನು ಕನ್ನಡಿಗರ ತಂಡಗಳನ್ನು ಕರೆದುಕೊಂಡು ಹೋದಾಗಲೂ ಮೊದಲು ಹೇಳುವುದು ಇದನ್ನೇ.

ಈ ನಗರದ ಜೀವವೇ ನೀರು. ಪಶ್ಚಿಮದ ಸಾಯಿಸ್ ಬಯಲಿನಿಂದ ಬರುವ ಫೆಜ್ ಹೊಳೆಯನ್ನು ಮಧ್ಯಯುಗದಲ್ಲೇ ಕಾಲುವೆಗಳಾಗಿ ಒಡೆದು ಮಸೀದಿ, ಸ್ನಾನಗೃಹ, ಬೀದಿಯ ನಲ್ಲಿ, ಮನೆಯಂಗಳಗಳಿಗೆ ಹಂಚಿದ್ದರು. ಬಳಸಿದ ಕೊಳೆನೀರಿಗೆ ಬೇರೆಯೇ ದಾರಿ. ಶುದ್ಧ ನೀರು ಬೇಕಾದದ್ದು ಮೇಲೆ, ನೀರನ್ನು ಕೆಡಿಸುವ ಕಸುಬು ಕೆಳಗೆ. ಬಣ್ಣಗಾರರೂ ಚರ್ಮ ಹದ ಮಾಡುವವರೂ ಕೊನೆಗೆ ಹೊಳೆಯಂಚಿನಲ್ಲೇ ಏಕೆ ಸಿಗುತ್ತಾರೆ ಎಂಬುದಕ್ಕೆ ಇದೇ ಕಾರಣ. ಹಾಗಾಗಿ ನನ್ನ ಸಲಹೆ ಇಷ್ಟು: ಮೇಲಿನ ಬಾಗಿಲಿನಿಂದ ಹೊಕ್ಕು, ನೀರು ಹರಿಯುವ ದಿಕ್ಕಿನಲ್ಲಿ ನಡೆದು, ಕೆಳಗಿನ ಚೌಕದಿಂದ ಹೊರಗೆ ಬನ್ನಿ. ಹತ್ತುವ ಕಷ್ಟವೂ ಇಲ್ಲ, ಬಂದ ದಾರಿಯನ್ನೇ ಹುಡುಕುವ ತಾಪತ್ರಯವೂ ಇಲ್ಲ.

ಮೇಲಿನ ಬಾಗಿಲು ಎಂದರೆ ಬಾಬ್ ಬೂ ಜೆಲೂದ್. ಮೂರು ಕಮಾನುಗಳ ಈ ಬಾಗಿಲಿನ ಹೊರಮೈ ನೀಲಿ, ಒಳಮೈ ಹಸಿರು. ನೀಲಿ ಫೆಜ್‌ನ ಬಣ್ಣ, ಹಸಿರು ಇಸ್ಲಾಮಿನದು ಎನ್ನುತ್ತಾರೆ. ನೋಡಲು ಬಹಳ ಹಳೆಯದೆನಿಸಿದರೂ ಇದು ಫ್ರೆಂಚರ ಕಾಲದ್ದು, 1913ರಲ್ಲಿ ಕಟ್ಟಿದ್ದು. ಒಳಗಿನ ನಗರ ಮಾತ್ರ ನಿಜಕ್ಕೂ ಹಳೆಯದು. ಎಂಟನೆಯ ಶತಮಾನದ ಕೊನೆ, ಒಂಬತ್ತನೆಯದರ ಆರಂಭದಲ್ಲಿ ಇದ್ರೀಸೀ ವಂಶದ ತಂದೆ ಮಗ ಹೊಳೆಯ ಎರಡು ದಡಗಳಲ್ಲಿ ನೆಲೆಗೊಳಿಸಿದ ಊರು. ಒಂದು ದಡಕ್ಕೆ ಸ್ಪೇನ್‌ನ ಕಾರ್ಡೋಬಾದಿಂದ ಗಡೀಪಾರಾದವರು ಬಂದರು, ಇನ್ನೊಂದಕ್ಕೆ ಇಂದಿನ ಟುನೀಸಿಯಾದ ಕೈರವಾನ್‌ನಿಂದ. ಇಂದಿಗೂ ಆ ದಡಗಳಿಗೆ ಅವರ ಹೆಸರೇ.

ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿರಿ. ಮೊರಾಕ್ಕೊದ ಗಡಿಯಾರ ಮುಂದಿದೆ, ಅಕ್ಟೋಬರ್‌ನಲ್ಲಿ ಸೂರ್ಯ ಹುಟ್ಟುವುದೇ ಏಳೂವರೆಯ ಸುಮಾರಿಗೆ. ಅಂಗಡಿಗಳು ತೆರೆಯುವುದು ಒಂಬತ್ತೂವರೆ, ಹತ್ತರ ಹೊತ್ತಿಗೆ. ಹಾಗಾದರೆ ಎಂಟಕ್ಕೆ ಹೋಗಿ ಏನು ಮಾಡುವುದು ಎಂದು ಕೇಳುತ್ತೀರಿ. ಆ ಒಂದೂವರೆ ಗಂಟೆಯೇ ನಿಮ್ಮ ಬೆಳಗಿನ ಅತಿ ಬೆಲೆಯುಳ್ಳ ಭಾಗ. ಆಗ ಅದು ಪ್ರವಾಸಿಗರ ಪೇಟೆಯಲ್ಲ, ಜನ ಬದುಕುವ ಊರು. ಶಾಲೆಗೆ ಓಡುವ ಮಕ್ಕಳು, ಬಾಗಿಲ ಮುಂದೆ ನೀರು ಚೆಲ್ಲಿ ಗುಡಿಸುವವರು, ಹಾಕಿದ ಕದಗಳ ಮುಂದೆ ನಿದ್ದೆ ಹೋದ ಬೆಕ್ಕುಗಳು. ಮನೆಯಲ್ಲಿ ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಕೇರಿಯ ಒಲೆಮನೆಗೆ ಒಯ್ಯುವವರು ಇನ್ನೂ ಕಾಣಸಿಗುತ್ತಾರೆ. ಅದನ್ನು ಫರ್ರಾನ್ ಎನ್ನುತ್ತಾರೆ. ಬೇಯಿಸುವವನಿಗೆ ಯಾವ ರೊಟ್ಟಿ ಯಾವ ಮನೆಯದೆಂದು ಗುರುತು ಗೊತ್ತು. ಎಷ್ಟೋ ಫರ್ರಾನ್‌ಗಳ ಪಕ್ಕದಲ್ಲೇ ಹಮಾಮು, ಅಂದರೆ ಸಾರ್ವಜನಿಕ ಸ್ನಾನಗೃಹ ಇರುತ್ತದೆ. ನಲ್ಲಿ, ಒಲೆ, ಹಮಾಮು, ಮಸೀದಿ, ಮಕ್ಕಳ ಶಾಲೆ, ಈ ಐದೂ ಇದ್ದರೆ ಅದೊಂದು ಪೂರ್ಣ ಕೇರಿ. ನಡೆಯುತ್ತ ಇವನ್ನು ಎಣಿಸಿ ನೋಡಿ, ನಗರ ತಾನಾಗಿಯೇ ಅರ್ಥವಾಗತೊಡಗುತ್ತದೆ. ಶುಕ್ರವಾರ ಮಾತ್ರ ಬೇಡ. ಅಂದು ಮಧ್ಯಾಹ್ನದ ಪ್ರಾರ್ಥನೆಗಾಗಿ ಅಂಗಡಿಗಳು ಬೇಗ ಮುಚ್ಚುತ್ತವೆ, ಅನೇಕವು ತೆರೆಯುವುದೇ ಇಲ್ಲ.

ತಿಂಡಿಯ ಚಿಂತೆಯೂ ಈ ಹೊತ್ತಿನಲ್ಲೇ ಪರಿಹಾರವಾಗುತ್ತದೆ. ಬಿಸಾರಾ ಎಂಬ ಗಟ್ಟಿ ಸಾರನ್ನು ಕೇಳಿ. ಅವರೆಕಾಳಿಗಿಂತ ದಪ್ಪನೆಯ ಒಣ ಫಾವಾ ಕಾಳನ್ನು ಬೆಳ್ಳುಳ್ಳಿಯೊಂದಿಗೆ ಕರಗುವಂತೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಜೀರಿಗೆಪುಡಿ ಹಾಕಿ ಬೋಗುಣಿಯಲ್ಲಿ ಕೊಡುತ್ತಾರೆ. ಇದು ಕೂಲಿಯವರ ಬೆಳಗಿನ ಊಟ, ಅಗ್ಗ, ಹೊಟ್ಟೆ ತುಂಬುತ್ತದೆ. ಪದರ ಪದರವಾಗಿ ಮಡಿಚಿ ಕಾವಲಿಯಲ್ಲಿ ಬೇಯಿಸುವ ಮ್ಸೆಮೆನ್ ನಮ್ಮ ಪರೋಟದ ಹತ್ತಿರದ ಸಂಬಂಧಿ. ಜೇನು ಸವರಿಕೊಂಡು ತಿನ್ನಿ, ಮಾಂಸದ ಹೂರಣದ್ದಲ್ಲ ಎಂದು ಕೇಳಿಕೊಳ್ಳಿ. ಸ್ಫೆಂಜ್ ಎಂಬುದು ಹುಳಿ ಬಂದ ಮೈದಾ ಹಿಟ್ಟನ್ನು ಬಳೆಯಂತೆ ತೂತು ಮಾಡಿ ಕರಿದದ್ದು. ಹೊರನೋಟಕ್ಕೆ ಉದ್ದಿನವಡೆಯೇ! ಆದರೆ ಒಂದು ಎಚ್ಚರಿಕೆ. ಹರೀರಾ ಎಂಬ ಟೊಮೇಟೊ-ಕಡಲೆ ಸಾರು ಮತ್ತು ತರಕಾರಿಯ ಕುಸ್‌ಕುಸ್ ನೋಟಕ್ಕೆ ಸಸ್ಯಾಹಾರದಂತಿದ್ದರೂ ಮಾಂಸದ ರಸದಲ್ಲಿ ಬೆಂದಿರುವುದು ಸಾಮಾನ್ಯ. ತರಕಾರಿಯನ್ನು ಬೇರೆಯಾಗಿ ಬೇಯಿಸಿದ್ದೇ ಎಂದು ಕೇಳದೆ ತೆಗೆದುಕೊಳ್ಳಬೇಡಿ. ಬದನೆಕಾಯಿಯನ್ನು ಟೊಮೇಟೊ ಜೊತೆ ಮಸೆದು ಮಾಡುವ ಝಾಲೂಕ್ ನಿಮಗೆ ಗೊಜ್ಜಿನ ನೆನಪು ತರಬಹುದು.

ಬಾಗಿಲು ದಾಟಿದ ಮೇಲೆ ಎರಡು ದೊಡ್ಡ ಬೀದಿಗಳು ಕವಲೊಡೆಯುತ್ತವೆ: ತಾಲಾ ಕಬೀರಾ, ತಾಲಾ ಸಗೀರಾ. ದೊಡ್ಡ ಇಳಿಜಾರು, ಸಣ್ಣ ಇಳಿಜಾರು ಎಂದಿಟ್ಟುಕೊಳ್ಳಿ. ಎರಡೂ ಕೆಳಗೆ ಅತ್ತಾರೀನ್ ಎಂಬ ಬೀದಿಯ ಹತ್ತಿರ ತಂದು ಬಿಡುತ್ತವೆ. ನೀವು ದೊಡ್ಡದನ್ನೇ ಹಿಡಿಯಿರಿ. ಎಲ್ಲೂ ನಿಲ್ಲದೆ ನಡೆದರೆ ಅರ್ಧ ಗಂಟೆಯ ದಾರಿ, ಆದರೆ ಅದಕ್ಕೆ ಮೂರೂವರೆ ಗಂಟೆ ಕೊಡಿ. ಪಕ್ಕಕ್ಕೆ ಹೊರಳುವ ದರ್ಬ್‌ಗಳು ಮನೆಗಳ ಓಣಿಗಳು, ಬಹಳಷ್ಟು ಯಾರದೋ ಮನೆಯ ಬಾಗಿಲಲ್ಲಿ ಮುಗಿಯುತ್ತವೆ. ಕುತೂಹಲಕ್ಕೆ ಹತ್ತು ಹೆಜ್ಜೆ ಹೋಗಿ ಬನ್ನಿ, ಅದಕ್ಕಿಂತ ಒಳಗೆ ಹೋಗುವುದು ಬೇರೆಯವರ ಅಂಗಳಕ್ಕೆ ಕಾಲಿಟ್ಟಂತೆ. ಹಿಂದಿನಿಂದ "ಬಾಲಕ್! ಬಾಲಕ್!" ಎಂಬ ಕೂಗು ಬಂದರೆ ತಿರುಗಿ ನೋಡುತ್ತ ನಿಲ್ಲದೆ ಗೋಡೆಗೆ ಅಂಟಿಕೊಳ್ಳಿ. ಸಾಮಾನು ಹೊತ್ತ ಹೇಸರಗತ್ತೆ ಬರುತ್ತಿದೆ ಎಂದರ್ಥ. ಈ ಪೇಟೆಯೊಳಗೆ ಕಾರಿಲ್ಲ. ಗ್ಯಾಸ್ ಸಿಲಿಂಡರಿನಿಂದ ಹಿಡಿದು ಚರ್ಮದ ಹೊರೆಯವರೆಗೆ ಎಲ್ಲವೂ ಕೈಗಾಡಿಯಲ್ಲಿ ಇಲ್ಲವೇ ಆ ಪ್ರಾಣಿಗಳ ಬೆನ್ನ ಮೇಲೆ ಬರಬೇಕು. ಅವುಗಳಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಅಮೆರಿಕನ್ ಫೊಂದೂಕ್ ಎಂಬ ಪಶು ಆಸ್ಪತ್ರೆ 1927ರಿಂದ ಈ ನಗರದಲ್ಲಿ ನಡೆಯುತ್ತಿದೆ.

ಸ್ವಲ್ಪ ಇಳಿಯುವಷ್ಟರಲ್ಲಿ ಬೂ ಇನಾನಿಯಾ ಮದರಸಾ ಸಿಗುತ್ತದೆ. ಸಮಯ ಕಡಿಮೆ ಇದ್ದರೂ ಇದನ್ನು ಬಿಡಬೇಡಿ. ಮರೀನೀ ವಂಶದ ಸುಲ್ತಾನ ಅಬೂ ಇನಾನ್ 1350 ಮತ್ತು 1355ರ ನಡುವೆ ಕಟ್ಟಿಸಿದ ವಿದ್ಯಾಲಯ ಇದು. ಅಂಗಳದಲ್ಲಿ ನಿಂತು ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಿರಿ. ಕೆಳಗೆ ಸಣ್ಣ ಸಣ್ಣ ಬಣ್ಣದ ಬಿಲ್ಲೆಗಳನ್ನು ಕೈಯಿಂದ ಕತ್ತರಿಸಿ ಜೋಡಿಸಿದ ಝೆಲ್ಲಿಜ್, ನಡುವೆ ಕೆತ್ತಿದ ಗಾರೆ, ಮೇಲೆ ಕೆತ್ತಿದ ದೇವದಾರು. ಪ್ರಾರ್ಥನಾ ಭಾಗವನ್ನು ಬಿಟ್ಟರೆ ಎಲ್ಲ ಧರ್ಮದವರಿಗೂ ಪ್ರವೇಶವಿದೆ. ಹೊರಗೆ ಬಂದು ಎದುರಿನ ಗೋಡೆಯನ್ನು ನೋಡಿ. ಅಲ್ಲಿ ಹನ್ನೆರಡು ಕಿಟಕಿಗಳ ಸಾಲಿದೆ. ಅದು 1357ರ ನೀರುಗಡಿಯಾರದ ಮನೆ, ಹಿತ್ತಾಳೆ ಬೋಗುಣಿಗಳ ಮೂಲಕ ಹೊತ್ತನ್ನು ಸಾರುತ್ತಿತ್ತು. ಅದರ ಒಳಗಿನ ಯಂತ್ರ ಕಳೆದುಹೋಗಿದೆ.

ಈ ಜಾಗದಲ್ಲಿ ನಿಮ್ಮನ್ನು ಒಂದು ನಿಮಿಷ ಹೆಚ್ಚು ನಿಲ್ಲಿಸುತ್ತೇನೆ, ಏಕೆಂದರೆ ನೀವು ಉತ್ತರ ಕನ್ನಡದವರು. ಇದೇ ಅಬೂ ಇನಾನನ ಕಾಲದಲ್ಲಿ, ಇದೇ ನಗರಕ್ಕೆ, ಟ್ಯಾಂಜಿಯರ್‌ನಿಂದ 1325ರಲ್ಲಿ ಹೊರಟಿದ್ದ ಯಾತ್ರಿಕನೊಬ್ಬ ದಶಕಗಳ ತಿರುಗಾಟ ಮುಗಿಸಿ ಬಂದ. ಇಬ್ನ್ ಬತೂತ. ಸುಲ್ತಾನನ ಅಪ್ಪಣೆಯಂತೆ ಅವನು ಕಂಡದ್ದನ್ನೆಲ್ಲ ಹೇಳಿದ, ಗ್ರನಾಡಾದ ವಿದ್ವಾಂಸ ಇಬ್ನ್ ಜುಝಯ್ ಅದನ್ನು ಬರೆದುಕೊಂಡ. 1355ರ ಡಿಸೆಂಬರ್‌ನಲ್ಲಿ ಆ ಕೆಲಸ ಮುಗಿಯಿತು. ಅವನು ಹೇಳಿ ಬರೆಸಿದ್ದರಲ್ಲಿ ಹೊನ್ನಾವರವಿದೆ, ಬಾರಕೂರಿದೆ, ಮಂಗಳೂರಿದೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವೆಂದೂ ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಹೇಳಿದ್ದಾನೆ. ಬಾರಕೂರಿನ ಕಬ್ಬನ್ನು ಹೊಗಳಿದ್ದಾನೆ. ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳ, ಪರ್ಷಿಯಾ ಮತ್ತು ಯೆಮೆನ್ ವರ್ತಕರು ಇಳಿಯುವ ಬಂದರು ಎಂದಿದ್ದಾನೆ. ಹದಿನಾಲ್ಕನೆಯ ಶತಮಾನದ ನಮ್ಮ ಕರಾವಳಿಯ ಈ ಚಿತ್ರ ಮೊದಲು ಕಾಗದಕ್ಕೆ ಇಳಿದದ್ದು ನೀವು ನಿಂತಿರುವ ಈ ಊರಿನಲ್ಲಿ. ಫೆಜ್ ನಮಗೆ ದೂರದ ಊರು ಎಂದು ನನಗೆ ಆ ಅಂಗಳದಲ್ಲಿ ಒಮ್ಮೆಯೂ ಅನಿಸಿಲ್ಲ.

ಮುಂದೆ ಇಳಿದಂತೆ ಬೀದಿಗೆ ಜೊಂಡಿನ ಚಪ್ಪರ ಬರುತ್ತದೆ, ಬಿಸಿಲು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಎಡಬಲದ ಕೆಲವು ಬಾಗಿಲುಗಳ ಒಳಗೆ ದೊಡ್ಡ ಅಂಗಳ, ಸುತ್ತ ಎರಡು ಮೂರು ಅಂತಸ್ತಿನ ಕೋಣೆಗಳು ಕಂಡರೆ ಅದು ಫೊಂದೂಕ್, ಅಂದರೆ ವರ್ತಕರ ಛತ್ರ. ಕೆಳಗೆ ಪ್ರಾಣಿ ಮತ್ತು ಸರಕು, ಮೇಲೆ ಮನುಷ್ಯರು. ಇವುಗಳಲ್ಲಿ ಅತಿ ಚಂದದ್ದು ಬಡಗಿಗಳ ಚೌಕದಲ್ಲಿರುವ ನೆಜ್ಜಾರೀನ್ ಫೊಂದೂಕ್, 1711ರದು, ಈಗ ಮರಗೆಲಸದ ವಸ್ತುಸಂಗ್ರಹಾಲಯ. ಸಮಯವಿಲ್ಲದಿದ್ದರೆ ಒಳಗೆ ಹೋಗದೆ ಅದರ ಮುಂದಿನ ನಲ್ಲಿಯನ್ನು ಮಾತ್ರ ನೋಡಿ. ಅಲ್ಲಿಂದ ನಾಲ್ಕು ಹೆಜ್ಜೆಯ ಗೋರಂಟಿ ಪೇಟೆಯಲ್ಲಿ ಈಗ ಮಡಕೆ ಕುಡಿಕೆಗಳೂ ಇವೆ. ಅದರ ಪಕ್ಕದಲ್ಲಿದ್ದದ್ದು ಸೀದಿ ಫ್ರೆಜ್ ಆಸ್ಪತ್ರೆ. 1286ರಲ್ಲಿ ಆರಂಭವಾಗಿ ಮನೋರೋಗಿಗಳನ್ನು 1944ರವರೆಗೂ ನೋಡಿಕೊಂಡಿತು.

ಈಗ ಅತ್ತಾರೀನ್, ಅಂದರೆ ಗಂಧದ್ರವ್ಯ ಮತ್ತು ಸಂಬಾರದವರ ಬೀದಿ. ನಗರದ ಒಳವ್ಯವಸ್ಥೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ದೊಡ್ಡ ಮಸೀದಿ ಕರವಿಯ್ಯೀನ್ ಹತ್ತಿರವಾದಂತೆ ಸರಕು ಸಣ್ಣದಾಗುತ್ತದೆ, ಬೆಲೆ ಏರುತ್ತದೆ. ಸುಗಂಧ, ಮೇಣದಬತ್ತಿ, ರೇಷ್ಮೆ, ಪುಸ್ತಕ. ಗಲಾಟೆಯೂ ವಾಸನೆಯೂ ಉಳ್ಳ ಕಸುಬುಗಳು ದೂರ. ಈ ಸೂತ್ರವನ್ನು ಅನೇಕರು ಬರೆಯುತ್ತಾರೆ, ಆದರೆ ಅದನ್ನು ಪೂರ್ತಿ ನಂಬಬೇಡಿ ಎಂದು ನಾನು ಹೇಳುತ್ತೇನೆ. ಎಲ್ಲರಿಗಿಂತ ಹೆಚ್ಚು ಸದ್ದು ಮಾಡುವ ತಾಮ್ರದವರು ಕೂತಿರುವುದು ಮಸೀದಿಯ ಗ್ರಂಥಾಲಯದ ಮಗ್ಗುಲಲ್ಲೇ! ಆ ಸಫ್ಫಾರೀನ್ ಚೌಕದಲ್ಲಿ, ಮರದ ನೆರಳಿನಲ್ಲಿ, ಪುದೀನ ಚಹಾ ತೆಗೆದುಕೊಂಡು ಕಾಲು ಗಂಟೆ ಕೂರಿ. ಮದುವೆಯಡುಗೆಯ ಕೊಪ್ಪರಿಗೆಗಳನ್ನು ಬಡಿಯುವ ಸುತ್ತಿಗೆಗಳು ಮೊದಲು ಬರೀ ಗದ್ದಲವೆನಿಸುತ್ತವೆ. ಸ್ವಲ್ಪ ಹೊತ್ತಿಗೆ ಒಬ್ಬನ ಪೆಟ್ಟಿಗೆ ಇನ್ನೊಬ್ಬ ಎಡೆ ಬಿಟ್ಟು ಹೊಡೆಯುವುದು ಕಿವಿಗೆ ಹತ್ತುತ್ತದೆ.

ಕರವಿಯ್ಯೀನ್ ಮಸೀದಿಯನ್ನು 859ರಲ್ಲಿ ಕಟ್ಟಿಸಿದವಳು ಕೈರವಾನ್‌ನಿಂದ ಬಂದ ಮನೆತನದ ಫಾತಿಮಾ ಅಲ್ ಫಿಹ್ರೀ ಎಂದು ಪರಂಪರೆ ಹೇಳುತ್ತದೆ. ಇಂದಿಗೂ ಪಾಠ ನಡೆಯುವ ಜಗತ್ತಿನ ಅತಿ ಹಳೆಯ ವಿದ್ಯಾಕೇಂದ್ರಗಳಲ್ಲಿ ಇದೊಂದು. ಮುಸ್ಲಿಮರಲ್ಲದವರು ಒಳಗೆ ಹೋಗುವಂತಿಲ್ಲ, ತೆರೆದ ಬಾಗಿಲಿನಿಂದ ಅಂಗಳ ಕಾಣುತ್ತದೆ. ಹೊಸ್ತಿಲಿಗೆ ಅಡ್ಡ ನಿಲ್ಲದೆ, ಪ್ರಾರ್ಥನೆಗೆ ಬಂದವರ ಮುಖದ ಚಿತ್ರ ತೆಗೆಯದೆ ನೋಡಿ. ನಗರ ಸ್ಥಾಪಿಸಿದ ತಂದೆ ಮಗನಲ್ಲಿ ಮಗನಾದ ಎರಡನೆಯ ಇದ್ರೀಸ್‌ನ ಸಮಾಧಿಗೂ ಇದೇ ನಿಯಮ. ಅದರ ಸುತ್ತಿನ ಓಣಿಗಳಿಗೆ ಎದೆಮಟ್ಟದಲ್ಲಿ ಒಂದು ಮರದ ತೊಲೆ ಅಡ್ಡ ಹಾಕಿದ್ದಾರೆ. ಹಿಂದೆ ಅದನ್ನು ದಾಟಿ ಕತ್ತೆಗಳೂ ಅನ್ಯಧರ್ಮದವರೂ ಹೋಗುವಂತಿರಲಿಲ್ಲ. ಈಗ ನೀವು ತಲೆ ಬಾಗಿಸಿ ದಾಟಿ ಬಾಗಿಲವರೆಗೆ ಹೋಗಬಹುದು. ಒಳಗೆ ಹೋಗಲಾಗದ ಕೊರತೆಯನ್ನು ಅತ್ತಾರೀನ್ ಮದರಸಾ ತುಂಬುತ್ತದೆ. 1323ರಿಂದ 1325ರ ನಡುವೆ ಕಟ್ಟಿದ ಈ ಪುಟ್ಟ ಕಟ್ಟಡ ನನಗೆ ಬೂ ಇನಾನಿಯಾಕ್ಕಿಂತ ಪ್ರಿಯ. ದೊಡ್ಡದರಲ್ಲಿ ಬೆರಗು ಹೆಚ್ಚು, ಇದರಲ್ಲಿ ಕೈಕೆಲಸ ಮುಖದ ಹತ್ತಿರಕ್ಕೇ ಬರುತ್ತದೆ.

ಚರ್ಮ ಹದ ಮಾಡುವ ಶುವಾರಾ ತೊಟ್ಟಿಗಳ ವಿಷಯ. ಎಲ್ಲ ಚಿತ್ರಗಳಲ್ಲೂ ನೀವು ಕಂಡದ್ದು ಇದನ್ನೇ, ಜೇನುಗೂಡಿನಂಥ ಬಣ್ಣದ ಗುಂಡಿಗಳು. ಬಿಳಿಯ ತೊಟ್ಟಿಗಳಲ್ಲಿ ಸುಣ್ಣವೂ ಪಾರಿವಾಳದ ಹಿಕ್ಕೆಯೂ ಇರುತ್ತವೆ. ಸುಣ್ಣ ಕೂದಲನ್ನು ಸಡಿಲಗೊಳಿಸುತ್ತದೆ, ಹಿಕ್ಕೆ ತೊಗಲನ್ನು ಮೆದುವಾಗಿಸುತ್ತದೆ. ಆಮೇಲೆ ಬಣ್ಣದ ಗುಂಡಿಗಳು. ಮನುಷ್ಯರು ತೊಡೆಯವರೆಗೆ ಅದರಲ್ಲಿ ಇಳಿದು ತೊಗಲು ತುಳಿಯುತ್ತಾರೆ. ಇದು ಬಹಳ ಕಷ್ಟದ ದುಡಿಮೆ, ಚರ್ಮಕ್ಕೂ ಉಸಿರಿಗೂ ಹಾನಿ ಮಾಡುವಂಥದ್ದು. ಬರೀ ಚಂದದ ಚಿತ್ರವೆಂದು ನೋಡಿ ಬರುವುದು ನನಗೆ ಸರಿಕಾಣುವುದಿಲ್ಲ. ಬಣ್ಣವೆಲ್ಲ ಗಸಗಸೆ ಹೂವು, ಕೇಸರಿ, ನೀಲಿಗಿಡದ್ದು ಎಂದು ಹೇಳುತ್ತಾರೆ. ಅದು ಹಳೆಯ ಪದ್ಧತಿ. ಇಂದು ರಾಸಾಯನಿಕ ಬಣ್ಣಗಳೂ ಬಳಕೆಯಲ್ಲಿವೆ. ನೋಡಬೇಕಾದರೆ ಸುತ್ತಲಿನ ಚರ್ಮದಂಗಡಿಗಳ ಮಾಳಿಗೆಯನ್ನೇ ಹತ್ತಬೇಕು. ವಾಸನೆಗೆಂದು ಕೈಗೆ ಪುದೀನ ಕೊಡುತ್ತಾರೆ. ಮಾಳಿಗೆ ತೋರಿಸಿದ್ದಕ್ಕೆ ಒಂದಿಷ್ಟು ದಿರ್ಹಾಮ್ ಕೊಟ್ಟರೆ ಸಾಕು, ಕೊಳ್ಳಲೇಬೇಕೆಂಬ ಋಣವಿಲ್ಲ. ನಿಮ್ಮ ಮನೆಯವರಿಗೆ ಇದು ಒಗ್ಗದಿದ್ದರೆ ನಿಶ್ಚಿಂತೆಯಿಂದ ಬಿಡಿ. ಹೊಳೆಯ ಸೇತುವೆಯ ಹತ್ತಿರ ಬಣ್ಣಗಾರರ ಓಣಿಯಲ್ಲಿ ನೂಲಿನ ಲಡಿಗಳನ್ನು ನೋಡಿದರೂ ನೀರಿಗೂ ಕಸುಬಿಗೂ ಇರುವ ನಂಟು ಕಾಣುತ್ತದೆ.

ಮಾರ್ಗದರ್ಶಿ ಬೇಕೇ? ನಾನು ಹೇಳಿದ ಈ ಒಂದು ದಾರಿಗೆ ಬೇಕಿಲ್ಲ. ಕೇರಿಗಳ ಒಳಕ್ಕೆ, ಆಚೆ ದಡದ ಆಂದಲೂಸಿಯರ, ಅಂದರೆ ಕಾರ್ಡೋಬಾದಿಂದ ಬಂದವರ, ಕಡೆಗೆ ಹೋಗುವುದಾದರೆ ಸರ್ಕಾರದ ಪರವಾನಗಿಯ ಬಿಲ್ಲೆ ಧರಿಸಿದವರನ್ನು ನೀವು ಇಳಿದುಕೊಂಡ ಮನೆಯವರ ಮೂಲಕವೇ ಗೊತ್ತು ಮಾಡಿ, ಅಂಗಡಿಗಳಿಗೆ ಕರೆದೊಯ್ಯಬಾರದು ಎಂದು ಮೊದಲೇ ಹೇಳಿ. "ಆ ಕಡೆ ದಾರಿ ಮುಚ್ಚಿದೆ, ನಾನು ತೋರಿಸುತ್ತೇನೆ" ಎನ್ನುವವರಿಗೆ "ಲಾ, ಶುಕ್ರನ್" ಎಂದು ನಕ್ಕು, ನಿಲ್ಲದೆ ನಡೆಯಿರಿ. ಬೇಡ, ಧನ್ಯವಾದ ಎಂದರ್ಥ. ಸಿಟ್ಟು ಬೇಡ. ಭಾರತದವರೆಂದು ತಿಳಿದರೆ ಹಿಂದಿ ಸಿನಿಮಾ ನಟರ ಹೆಸರು ಹೇಳಿ ಮಾತಿಗೆಳೆಯುತ್ತಾರೆ, ಅದರಲ್ಲಿ ಬಹುಪಾಲು ನಿಜವಾದ ಅಕ್ಕರೆಯೇ. ದಾರಿ ಕೇಳಬೇಕಾದರೆ ಸುಮ್ಮನೆ ನಿಂತವರನ್ನು ಬಿಟ್ಟು, ಕೆಲಸದಲ್ಲಿ ತೊಡಗಿದ ಅಂಗಡಿಯವರನ್ನೋ ಹೆಂಗಸರನ್ನೋ ಕೇಳಿ.

ಕೊಳ್ಳುವ ಬಗ್ಗೆ ಎರಡೇ ಎಚ್ಚರಿಕೆ. 'ಕಳ್ಳಿ ರೇಷ್ಮೆ' ಎಂದು ಮಾರುವ ಹೊಳಪಿನ ಬಟ್ಟೆ ಬಹುಪಾಲು ಯಂತ್ರದ ರೇಯಾನ್. ಎಳೆಯನ್ನು ಸುಟ್ಟು ತೋರಿಸಿ ಗಿಡದ ನಾರೆಂದು ಸಾಧಿಸುತ್ತಾರೆ; ರೇಯಾನ್ ಕೂಡ ಮರದ ತಿರುಳಿನದೇ, ಅದೂ ಕಾಗದದಂತೆಯೇ ಉರಿಯುತ್ತದೆ. ಬಣ್ಣ ಇಷ್ಟವಾದರೆ ರೇಯಾನ್ ಬೆಲೆಗೆ ಕೊಳ್ಳಿ. ಕೇಸರಿಯ ನಾಲ್ಕು ಎಳೆ ನೀರಿಗೆ ಹಾಕಿಸಿ. ಅಸಲಿಯಾದರೆ ನೀರು ನಿಧಾನವಾಗಿ ಹಳದಿಯಾಗುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಕೂಡಲೇ ನೀರೇ ಕೆಂಪಾದರೆ ಬೇಡ. ಮೆಣಸನ್ನು ಮಾತ್ರ ಕೊಳ್ಳದೆ ಮೂಸಿ ನೋಡಿ ಬನ್ನಿ, ನಿಮ್ಮ ಅಟ್ಟದ ಮೇಲಿರುವುದಕ್ಕೆ ಅದು ಸಾಟಿಯಾಗಲಾರದು.

ಸಫ್ಫಾರೀನ್‌ನಿಂದ ಇನ್ನೂ ಇಳಿದರೆ ರ್ಸೀಫ್ ಚೌಕ. ಹನ್ನೆರಡರೊಳಗೆ ಇಲ್ಲಿಗೆ ತಲುಪುತ್ತೀರಿ. ಫೆಜ್‌ನ ಕೆಂಪು ಸಣ್ಣ ಟ್ಯಾಕ್ಸಿಗಳು ಇಲ್ಲಿಗೆ ಬರುತ್ತವೆ, ಮೂವರನ್ನು ಕೂರಿಸಿಕೊಳ್ಳುತ್ತವೆ, ಮೀಟರ್ ಹಾಕಿಸಿ. ಹತ್ತುವ ಮೊದಲು ಚೌಕದ ಪಕ್ಕದ ತರಕಾರಿ ಸಂತೆಯಲ್ಲಿ ಆಲಿವ್ ಮಾರುವವರ ಮುಂದೆ ನಿಲ್ಲಿ. ಉಪ್ಪಿನಲ್ಲಿ ಹಾಕಿದ ಇಡೀ ನಿಂಬೆಹಣ್ಣುಗಳು ಹಳದಿ ಗುಡ್ಡೆಯಾಗಿ ಕೂತಿರುತ್ತವೆ. ಇಬ್ನ್ ಬತೂತ ನಮ್ಮಲ್ಲಿ ಮಾವಿನ ಎಳೆಗಾಯಿಗೆ ಉಪ್ಪು ಹಾಕಿಡುವುದನ್ನು ಕಂಡು, ನಮ್ಮ ನಾಡಿನಲ್ಲಿ ನಿಂಬೆಗೆ ಮಾಡುವ ಹಾಗೆಯೇ ಎಂದು ಹೋಲಿಸಿ ಹೇಳಿದ್ದ. ಅವನು ನೆನೆದ ನಿಂಬೆ ಇದೇ ಬಗೆಯದು. ಅಪ್ಪೆಮಿಡಿಯ ಸೀಮೆಯವರಾದ ನೀವು ಅರ್ಧ ಕಿಲೋ ಕಟ್ಟಿಸಿಕೊಳ್ಳಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ವಿಮಾನದ ದೊಡ್ಡ ಪೆಟ್ಟಿಗೆಯಲ್ಲಿಡಿ. ಕೈಚೀಲದಲ್ಲಿದ್ದರೆ ಉಪ್ಪುನೀರಿನ ಕಾರಣಕ್ಕೆ ತೆಗೆಸಿಬಿಡುತ್ತಾರೆ.